ಗುಣವಾದ ಮಗುವಿನ ಪಾಠ

ಹಲವು ವರ್ಷಗಳ ಹಿಂದೆ ಬಾಲಕನೊಬ್ಬನು ದೀರ್ಘವಾದ ಕಾಯಿಲೆಯನ್ನು ಕಳೆದು ನನ್ನ ತರಗತಿಗೆ ಮರಳಿದನು. ಅವನ ಮೆದುಳಿನ ಗೆಡ್ಡೆಯನ್ನು ಶಸ್ತ್ರಕ್ರಿಯೆಯಿಂದ ತೆಗೆದು, ತಲೆಗೂ ಬೆನ್ನುಹುರಿಗೂ ಕಿರಣಚಿಕಿತ್ಸೆಯನ್ನು ಕೊಟ್ಟಿದ್ದರು. ಮೊದಲನೆಯ ವರ್ಷ ಎಲ್ಲರಂತೆಯೇ ಓದಿದನು. ಎರಡನೆಯ ವರ್ಷದಲ್ಲಿ ಶಬ್ದರೂಪಗಳನ್ನು ಬರೆಯಹೇಳಿದರೆ, ಉಳಿದವರು ಪುಸ್ತಕವನ್ನು ಮಡಿಸಿ ಕುಳಿತಾಗಲೂ ಇವನು ದ್ವಿತೀಯಾ ವಿಭಕ್ತಿಯಲ್ಲಿಯೇ ಇರುತ್ತಿದ್ದನು. ನಾನು ಅದನ್ನು ಆಲಸ್ಯವೆಂದೆಣಿಸಿದೆನು. ಎಲ್ಲರೆದುರಿಗೆ ಹಾಗೆಂದು ಹೇಳಿಯೂಬಿಟ್ಟೆನು. ವರ್ಷದ ಕೊನೆಯಲ್ಲಿ ಅವನ ತಂದೆಯವರು ವೈದ್ಯರ ಪತ್ರವನ್ನು ತಂದು ತೋರಿಸಿದ ಮೇಲೆ ನಾನು ತಲೆತಗ್ಗಿಸಬೇಕಾಯಿತು.

ಮಕ್ಕಳ ಕಿರುಮೆದುಳಿನಲ್ಲಿ ಹುಟ್ಟುವ ಮೆಡುಲೋಬ್ಲಾಸ್ಟೋಮ ಎಂಬ ಅರ್ಬುದವನ್ನು 1925ರಲ್ಲಿ ಅಮೆರಿಕದ ಬೈಲಿ, ಕುಶಿಂಗ್ ಎಂಬ ವೈದ್ಯರು ವರ್ಣಿಸಿದರು. ಆ ದಿನಗಳಲ್ಲಿ ಈ ರೋಗಕ್ಕೆ ಸಿಕ್ಕಿದ ಮಕ್ಕಳು ಬಹುಕಾಲ ಬದುಕುತ್ತಿದ್ದುದು ತೀರ ವಿರಳ. 1953ರಲ್ಲಿ ಮ್ಯಾಂಚೆಸ್ಟರಿನ ಪ್ಯಾಟರ್ಸನ್, ಫಾರ್ ಎಂಬವರು ಇಡೀ ಮೆದುಳಿಗೂ ಬೆನ್ನುಹುರಿಗೂ ಕಿರಣ ಹಾಯಿಸಿದುದರ ಫಲವನ್ನು ಪ್ರಕಟಿಸಿದ ಮೇಲೆ ಆಸೆ ಮೂಡಿತು. ಆದುದರಿಂದ ಕಿರಣವನ್ನು ನಿಂದಿಸಲಾಗದು; ಪ್ರಾಣವನ್ನುಳಿಸಿದುದು ಅದೇ.

ಆದರೆ ಎಳೆಯ ಮೆದುಳಿನಲ್ಲಿ ನರತಂತುಗಳಿಗೆ ಮಯಲಿನ್ ಎಂಬ ಬಿಳಿಯ ಹೊದಿಕೆ ಇನ್ನೂ ಬೆಳೆಯುತ್ತಿರುವುದು. ಸಂದೇಶಗಳು ವೇಗವಾಗಿ ಓಡುವುದು ಅದರ ಬಲದಿಂದ. ಆ ಹೊದಿಕೆಯನ್ನು ನಿರ್ಮಿಸುವ ಜೀವಕೋಶಗಳನ್ನು ಕಿರಣವು ಕೆಡಿಸುವುದು. ಹಾನಿಯು ಕೂಡಲೆ ತೋರದೆ, ವರ್ಷಗಳು ಕಳೆದಂತೆ ಪ್ರಕಟವಾಗುವುದು. ಮಗು ಎಷ್ಟು ಚಿಕ್ಕದೋ ಅಷ್ಟು ಹೆಚ್ಚು. ಮೂರು ವರ್ಷದೊಳಗಿನ ಕೂಸುಗಳಿಗೆ ವೈದ್ಯರು ಸಾಧ್ಯವಾದಷ್ಟು ಔಷಧಗಳಿಂದಲೇ ಕಾಲ ತಳ್ಳುವುದು ಇದಕ್ಕಾಗಿ. ಅಪಾಯವು ಮಿತವಾಗಿರುವ ದೊಡ್ಡ ಮಕ್ಕಳಿಗೂ, ಜೊತೆಗೆ ಔಷಧ ಕೊಟ್ಟು, ಇಡೀ ಮೆದುಳಿಗೆ ಹಾಯಿಸುವ ಪ್ರಮಾಣವನ್ನು 36 ಗ್ರೇಯಿಂದ 23.4ಕ್ಕೆ ಇಳಿಸಿದ್ದಾರೆ.

ಬುದ್ಧಿಮಾಪನದ ಅಂಕವು ವರ್ಷದಿಂದ ವರ್ಷಕ್ಕೆ ಇಳಿಯುವುದನ್ನು ಕಂಡು ತಾಯಂದಿರು ಕಂಗೆಡುವರು. ಆ ಅಂಕವಾದರೋ ಸಮವಯಸ್ಕರೊಡನೆ ಹೋಲಿಸಿ ಕೊಟ್ಟುದು. ಇತರರು ಹತ್ತು ಹೆಜ್ಜೆ ನಡೆದಾಗ ಇವನು ಆರು ನಡೆದರೆ, ಹಿಂದಕ್ಕೆ ಒಂದು ಹೆಜ್ಜೆಯಿಡದಿದ್ದರೂ ಅಂಕ ತಗ್ಗುವುದು. ನಮ್ಮ ಶಾಸ್ತ್ರಕಾರರು ಬುದ್ಧಿಯ ಗುಣಗಳಲ್ಲಿ ಗ್ರಹಣವನ್ನೂ ಧಾರಣವನ್ನೂ ಬೇರೆಬೇರೆಯಾಗಿ ಎಣಿಸಿದರಷ್ಟೆ. ಸಾಮಾನ್ಯವಾಗಿ ಈ ಮಕ್ಕಳು ಕಲಿತುದನ್ನು ಕಳೆದುಕೊಳ್ಳುವುದಿಲ್ಲ; ಹೊಸದನ್ನು ಗ್ರಹಿಸುವುದು ನಿಧಾನ, ಗಮನ ಬೇಗ ದಣಿಯುವುದು, ನಾಲ್ಕು ಮಾತನ್ನು ಒಟ್ಟಿಗೆ ಹೇಳಿದರೆ ಎರಡು ಜಾರುವುವು.

ಆದಕಾರಣ ಮನೆಯವರು ಈ ಸಂಗತಿಯನ್ನು ಉಪಾಧ್ಯಾಯರಿಂದ ಮರೆಮಾಚಬಾರದು. ಮದುವೆಯ ಮಾತಿಗೆ ಅಡ್ಡಿಯಾದೀತೆಂದು ಮರೆಮಾಚುವವರನ್ನು ನಾನು ಬಲ್ಲೆ. ಒಂದೊಂದೇ ಪ್ರಶ್ನೆಯನ್ನು ಕೇಳಬೇಕು. ಹಲಗೆಯಿಂದ ನಕಲುಮಾಡುವ ಕೆಲಸವನ್ನು ತಗ್ಗಿಸಬೇಕು. ಪರೀಕ್ಷೆಯಲ್ಲಿ ಹೆಚ್ಚು ಕಾಲವನ್ನು ಬೇಡಿ ಪಡೆಯಬೇಕು. ಕಿವಿಯನ್ನೂ ಪರೀಕ್ಷಿಸಬೇಕು, ಸಿಸ್‌ಪ್ಲಾಟಿನ್ ಎಂಬ ಔಷಧವು ಶ್ರವಣವನ್ನು ಕುಂದಿಸಬಲ್ಲುದು, ಕೇಳಿಸದ ಮಗುವನ್ನು ನಾವು ಮಂದನೆನ್ನುವೆವು.

ಪತ್ರವನ್ನು ಓದಿದ ಮರುದಿನ ಆ ಬಾಲಕನನ್ನು ಸಂಜೆ ನಿಲ್ಲಿಸಿಕೊಂಡು, ಗಡಿಯಾರವನ್ನು ನೋಡದೆ, ರಾಮಶಬ್ದವನ್ನು ಬರೆಯೆಂದೆನು. ಸಂಬೋಧನೆಯೂ ಸೇರಿ 24 ರೂಪಗಳನ್ನೂ ತಪ್ಪಿಲ್ಲದೆ ಬರೆದನು. ಅಷ್ಟರಲ್ಲಿ ಜವಾನನು ಉಳಿದ ಕೊಠಡಿಗಳಿಗೆಲ್ಲ ಬೀಗ ಹಾಕಿ ಬಂದು ಬಾಗಿಲಲ್ಲಿ ನಿಂತಿದ್ದನು.