ಜಾತ್ಯತೀತ ಅಂದ್ರೇನು ನಾನಿ?



ಬ್ರೂಸ್‌ಪೇಟೆಯ ನಮ್ಮ ಓಣಿಯಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲೆ ನಾಲ್ಕೈದು ಹೆಂಗಸರು ನಮ್ಮ ಮನೆಯ ಪಡಸಾಲೆಯಲ್ಲಿ ಸೇರುವುದು ವಾಡಿಕೆ. ಬಳ್ಳಾರಿಯ ಜೀನ್ಸ್ ಪ್ಯಾಂಟುಗಳ ಬಗ್ಗೆ ನೀವು ಕೇಳಿರುತ್ತೀರಿ. ಹೊಲಿದು ಬಂದ ಪ್ಯಾಂಟುಗಳಲ್ಲಿ ಉಳಿದ ದಾರವನ್ನು ಕತ್ತರಿಸಿ ಕೊಡುವ ಕೆಲಸ ಮನೆಗಳಿಗೂ ಬರುತ್ತದೆ. ಕೈಗೆ ಕತ್ತರಿ, ಬಾಯಿಗೆ ಊರ ಸುದ್ದಿ. ಮೊನ್ನೆ ಹೀಗೆ ಕುಳಿತಿದ್ದಾಗ ನನ್ನ ಮೊಮ್ಮಗಳು ಶಾಲೆಯಲ್ಲಿ ಹೇಳಿಸುವ ಸಂವಿಧಾನ ಪೀಠಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದಳು. 2023ರ ಸೆಪ್ಟೆಂಬರ್ 15ರಂದು ನಮ್ಮ ರಾಜ್ಯದ ಶಾಲೆ, ಕಚೇರಿಗಳಲ್ಲೆಲ್ಲ ಜನ ಒಟ್ಟಾಗಿ ನಿಂತು ಪೀಠಿಕೆ ಓದಿದ್ದು ನಿಮಗೆ ನೆನಪಿರಬಹುದು. ಆಗಿನಿಂದ ಅವಳಿಗೆ ಅದು ಬಾಯಿಪಾಠ.

ಅವಳು ಓದುತ್ತಾ ಓದುತ್ತಾ ಒಂದು ಪದದ ಹತ್ತಿರ ನಿಂತಳು. "ಜಾತ್ಯತೀತ ಅಂದ್ರೇನು ನಾನಿ?"

ನಾನು ಬಾಯಿ ತೆರೆಯುವ ಮೊದಲೇ ಉತ್ತರಗಳು ಬಂದವು. ಎಲ್ಲ ಧರ್ಮವೂ ಒಂದೇ ಅನ್ನುವುದು ಎಂದಳು ಒಬ್ಬಳು. ದೇವರನ್ನು ನಂಬದವರು ಹೇಳುವ ಮಾತು ಎಂದಳು ಇನ್ನೊಬ್ಬಳು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಖಾಲಾ ಕತ್ತರಿಯನ್ನು ಕೆಳಗಿಟ್ಟು, "ಅದು ನಮ್ಮನ್ನು ಕಾಪಾಡುವ ಪದ ಬೇಟಿ" ಎಂದರು. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಆದರೆ ರಾತ್ರಿ ಮಲಗಿದಾಗ ಖಾಲಾರ ಮಾತು ಮನಸ್ಸಿನಲ್ಲೇ ಉಳಿಯಿತು. ಕಾಪಾಡುವುದು ನಿಜ. ಅಷ್ಟೇನಾ? ಅದು ನಮ್ಮಿಂದ ಏನನ್ನೂ ಕೇಳುವುದಿಲ್ಲವೇ?

ಈ ಪದಕ್ಕೆ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಜಾತ್ಯತೀತ ಎನ್ನುತ್ತೇವೆ, ಧರ್ಮನಿರಪೇಕ್ಷ ಎನ್ನುತ್ತೇವೆ, ಸರ್ವಧರ್ಮ ಸಮಭಾವ ಎಂದೂ ಬರೆಯುತ್ತೇವೆ. ಮೂರೂ ಬೇರೆ ಬೇರೆ ಅರ್ಥ ಕೊಡುವುದರಿಂದ ನಮ್ಮ ಪಡಸಾಲೆಯ ಹೆಂಗಸರಿಗೆ ಗೊಂದಲವಾದದ್ದರಲ್ಲಿ ತಪ್ಪಿಲ್ಲ. ಪೀಠಿಕೆಗೆ ಈ ಪದ ಸೇರಿದ್ದು 1976ರಲ್ಲಿ, 42ನೇ ತಿದ್ದುಪಡಿಯ ಮೂಲಕ. ಅದನ್ನು ತೆಗೆದುಹಾಕಬೇಕೆಂದು ಕೇಳಿದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್ 25ರಂದು ವಜಾ ಮಾಡಿತು. ಆದರೆ ಪದ ಬರುವ ಮೊದಲೇ ಅದರ ತಿರುಳು ಸಂವಿಧಾನದ 25ರಿಂದ 28ರವರೆಗಿನ ವಿಧಿಗಳಲ್ಲಿತ್ತು. ಸರ್ಕಾರಕ್ಕೆ ತನ್ನದೆಂಬ ಧರ್ಮವಿಲ್ಲ. ಪ್ರಜೆಗೆ ತನ್ನ ಧರ್ಮವನ್ನು ಪಾಲಿಸುವ ಹಕ್ಕಿದೆ, ಪಾಲಿಸದಿರುವ ಹಕ್ಕೂ ಇದೆ. ಇದನ್ನು ಇಡೀ ದೇಶಕ್ಕೆ ಸ್ಪಷ್ಟಪಡಿಸಿದ ತೀರ್ಪಿಗೆ ನಮ್ಮ ಕರ್ನಾಟಕದ ಮಾಜಿ ಮುಖ್ಯಮಂತ್ರಿಯೊಬ್ಬರ ಹೆಸರಿದೆ. 1989ರಲ್ಲಿ ವಿಧಾನಸಭೆಯಲ್ಲಿ ಬಹುಮತ ತೋರಿಸಲೂ ಅವಕಾಶ ಕೊಡದೆ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಜಾಗೊಳಿಸಿದಾಗ ಶುರುವಾದ ಆ ಮೊಕದ್ದಮೆಯಲ್ಲಿ, 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಾಧೀಶರ ಪೀಠ ಜಾತ್ಯತೀತತೆಯು ಸಂವಿಧಾನದ ಮೂಲ ಲಕ್ಷಣಗಳಲ್ಲೊಂದು ಎಂದಿತು.

ಕಾನೂನಿನ ಮಾತು ಹಾಗಿರಲಿ. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಮೊಹರಂ ಬಂದರೆ ಪೀರಲ ದೇವರ ಮುಂದೆ ಕುಣಿಯುವವರಲ್ಲಿ, ಸಕ್ಕರೆ ಓದಿಸುವವರಲ್ಲಿ ಹಿಂದೂಗಳು ಎಷ್ಟು ಮಂದಿ ಎಂಬುದನ್ನು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಅದು ಸರಿಯೋ ತಪ್ಪೋ ಎಂಬ ಚರ್ಚೆ ನಮ್ಮ ಮನೆಗಳಲ್ಲಿದೆ. ಅದು ಬೇರೆ ವಿಷಯ. ಒಟ್ಟಿಗೆ ಬದುಕುವುದನ್ನು ಜನ ಪೀಠಿಕೆ ಓದಿ ಕಲಿತದ್ದಲ್ಲ ಎಂಬುದಷ್ಟೇ ನನ್ನ ಮಾತು.

ಇನ್ನು ನಾನು ಹೇಳಬೇಕೆಂದಿರುವ ಸಂಗತಿಗೆ ಬರುತ್ತೇನೆ.

2025ರ ಸೆಪ್ಟೆಂಬರ್ 22ರ ಬೆಳಗ್ಗೆ ನಮ್ಮ ಓಣಿಯ ಮನೆಮನೆಯಲ್ಲಿ ಟಿ.ವಿ. ಹಾಕಿದ್ದರು. ಚಾಮುಂಡಿ ಬೆಟ್ಟದಲ್ಲಿ ಹಾಸನದ ಬಾನು ಮುಷ್ತಾಕ್ ಅವರು ಮೈಸೂರು ದಸರಾ ಉದ್ಘಾಟಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತ್ತು. ಅನುವಾದಿಸಿದವರು ದೀಪಾ ಭಾಸ್ತಿ. ಕನ್ನಡದ ಪುಸ್ತಕವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಮುಸ್ಲಿಮ್ ಹೆಂಗಸೊಬ್ಬಳು ನಾಡಹಬ್ಬ ಉದ್ಘಾಟಿಸುವುದು ಕೂಡದೆಂದು ಕೆಲವರು ನ್ಯಾಯಾಲಯಕ್ಕೆ ಹೋದರು. 2017ರಲ್ಲಿ ಕವಿ ಕೆ.ಎಸ್. ನಿಸಾರ್ ಅಹಮದ್ ಅವರೇ ದಸರಾ ಉದ್ಘಾಟಿಸಿದ್ದು ಅವರಿಗೆ ಮರೆತಿತ್ತೇನೋ. ಸೆಪ್ಟೆಂಬರ್ 15ರಂದು ನಮ್ಮ ಹೈಕೋರ್ಟ್ ಅರ್ಜಿಗಳನ್ನು ತಳ್ಳಿಹಾಕಿತು. ನಾಲ್ಕು ದಿನಗಳ ನಂತರ ಸುಪ್ರೀಂ ಕೋರ್ಟ್ ಕೂಡಾ ತಳ್ಳಿಹಾಕಿತು. ಪೀಠಿಕೆಯಲ್ಲಿ ಏನಿದೆ ಎಂದು ಅರ್ಜಿದಾರರ ವಕೀಲರನ್ನೇ ಕೇಳಿತು. ನನ್ನ ಮೊಮ್ಮಗಳಿಗೆ ಬಾಯಿಪಾಠವಾಗಿರುವ ಅದೇ ಪೀಠಿಕೆ!

ನಮಗೆಲ್ಲ ಎಷ್ಟು ಸಂತೋಷ! ಖಾಲಾ ಅವತ್ತು ಎಲ್ಲರಿಗೂ ಶೀರ್ ಕುರ್ಮಾ ಮಾಡಿ ಕೊಟ್ಟರು, ಈದ್ ಬಂದ ಹಾಗೆ. ಆಗ ನಾನು ಒಂದು ಮಾತು ಕೇಳಿದೆ. "ಇದೇ ಬಾನು ಮುಷ್ತಾಕ್ ಅವರಿಗೆ 2000ದಲ್ಲಿ ಏನಾಯಿತು ಗೊತ್ತೇ?"

ಯಾರಿಗೂ ಗೊತ್ತಿರಲಿಲ್ಲ.

ಹೆಂಗಸರಿಗೂ ಮಸೀದಿಗೆ ಹೋಗಿ ನಮಾಝ್ ಮಾಡುವ ಹಕ್ಕಿದೆ ಎಂದು ಅವರು ಆ ವರ್ಷ ಹೇಳಿದ್ದರು. ಅಷ್ಟಕ್ಕೆ ಅವರ ಮೇಲೂ ಮನೆಯವರ ಮೇಲೂ ಮೂರು ತಿಂಗಳ ಸಾಮಾಜಿಕ ಬಹಿಷ್ಕಾರ ಹೇರಲಾಯಿತು. ಬೆದರಿಕೆಯ ಕರೆಗಳು ಬಂದವು. ಒಬ್ಬಾತ ಚೂರಿ ಹಿಡಿದು ಇರಿಯಲು ಬಂದ. ಇದನ್ನು ಮಾಡಿದವರು ಯಾರು? ದಸರಾ ವಿರುದ್ಧ ಕೋರ್ಟಿಗೆ ಹೋದವರಲ್ಲ, ನಮ್ಮವರು. ನಾವು ಅವತ್ತು ಶೀರ್ ಕುರ್ಮಾ ಮಾಡಲಿಲ್ಲ, ಅಳಲೂ ಇಲ್ಲ. ನಮಗೆ ಗೊತ್ತೇ ಇರಲಿಲ್ಲ, ಗೊತ್ತಿದ್ದವರು ಸುಮ್ಮನಿದ್ದರು.

ಮುಂದೇನಾಯಿತು ನೋಡಿ. 2020ರ ಜನವರಿಯಲ್ಲಿ ಅಖಿಲ ಭಾರತ ಮುಸ್ಲಿಮ್ ವೈಯಕ್ತಿಕ ಕಾನೂನು ಮಂಡಳಿಯೇ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿ, ಮಹಿಳೆಯರು ನಮಾಝ್‌ಗಾಗಿ ಮಸೀದಿ ಪ್ರವೇಶಿಸಲು ಇಸ್ಲಾಮಿನಲ್ಲಿ ಅನುಮತಿಯಿದೆ ಎಂದಿತು. ಹಾಸನದಲ್ಲಿ ಒಬ್ಬ ಹೆಣ್ಣುಮಗಳು ಕೇಳಿದ ಪ್ರಶ್ನೆಗೆ ದಿಲ್ಲಿಯಿಂದ ಉತ್ತರ ಬರಲು ಇಪ್ಪತ್ತು ವರ್ಷ ಬೇಕಾಯಿತು.

ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರದ್ದೂ ಇದೇ ಕಥೆ. 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಲ್ಲಿ ಅವರು ತಲಾಖ್‌ಗೆ ಸಿಕ್ಕಿದ ನಾದಿರಾ ಎಂಬ ಹುಡುಗಿಯ ಪಾಡನ್ನು ಬರೆದದ್ದು 1980ರ ದಶಕದ ಆರಂಭದಲ್ಲಿ. ಪುತ್ತೂರಿನ ಸಭೆಯೊಂದರಲ್ಲಿ ಅವರನ್ನು ಮಾತನಾಡಲು ಬಿಡಲಿಲ್ಲ. ಒಂದೇ ಉಸಿರಿನ ಮೂರು ತಲಾಖನ್ನು ಸುಪ್ರೀಂ ಕೋರ್ಟ್ ಅಸಿಂಧು ಎಂದದ್ದು 2017ರ ಆಗಸ್ಟ್ 22ರಂದು. ಅಷ್ಟು ಹೊತ್ತಿಗೆ ಸಾರಾ ಅವರಿಗೆ ಎಂಬತ್ತು ದಾಟಿತ್ತು. 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ ನಾವೆಲ್ಲ ಚಂದದ ಮಾತು ಬರೆದೆವು. ಬದುಕಿದ್ದಾಗ ಅವರ ಪುಸ್ತಕವನ್ನು ಮನೆಗೆ ತಂದವರು ನಮ್ಮಲ್ಲಿ ಎಷ್ಟು ಮಂದಿ?

ನಿಮ್ಮಲ್ಲಿ ಕೆಲವರಿಗೆ ಇದು ಕಹಿಯಾಗಬಹುದು. ಹೊರಗಿನಿಂದ ಇಷ್ಟೆಲ್ಲ ಒತ್ತಡ ಇರುವಾಗ ಒಳಗಿನ ಹುಳುಕನ್ನು ಯಾಕೆ ಎತ್ತುತ್ತೀರಿ ಎಂದು ಕೇಳುವವರಿದ್ದಾರೆ. ಆ ಸಂಕಟ ನನಗೂ ಗೊತ್ತು. ಹಿಜಾಬಿನ ಕಾರಣಕ್ಕೆ 2022ರಲ್ಲಿ ಕಾಲೇಜಿನ ಗೇಟಿನ ಹೊರಗೆ ನಿಂತ ಹುಡುಗಿಯರನ್ನು ನೋಡಿ ಅತ್ತವಳು ನಾನು. ಆದರೆ ನಮ್ಮ ಹುಡುಗಿಗೆ ಹೊರಗಿನವರು ಬಾಗಿಲು ಹಾಕಿದರೆ ಸಂವಿಧಾನ ಎನ್ನುತ್ತೇವೆ, ಒಳಗಿನವರು ಹಾಕಿದರೆ ಸಂಪ್ರದಾಯ ಎನ್ನುತ್ತೇವೆ. ಇದು ಹೇಗೆ?

ಪ್ರಶ್ನೆ ಕೇಳುವುದು ನಮ್ಮ ನಾಡಿಗೆ ಹೊಸದಲ್ಲ. ಗೌರಿಬಿದನೂರಿನ ಕಡೆಯವರಾದ ಎಚ್. ನರಸಿಂಹಯ್ಯನವರು ಖಾದಿ ತೊಟ್ಟ ಗಾಂಧಿವಾದಿ, ಭೌತಶಾಸ್ತ್ರದ ಮೇಷ್ಟ್ರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ಎಷ್ಟು ಗದ್ದಲವಾಯಿತು! ಅದೇ 1976ರ ತಿದ್ದುಪಡಿಯಲ್ಲಿ ಇನ್ನೊಂದು ವಿಷಯವೂ ಸೇರಿತು, ಅದನ್ನು ನಾವು ಯಾರೂ ಬಾಯಿಪಾಠ ಮಾಡುವುದಿಲ್ಲ: ವೈಜ್ಞಾನಿಕ ಮನೋಭಾವ, ಪ್ರಶ್ನಿಸುವ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ. ಕರ್ತವ್ಯ ಎಂಬ ಮಾತನ್ನು ಗಮನಿಸಿ. ಈ ಕರ್ತವ್ಯಕ್ಕೆ ಜೀವ ತೆತ್ತವರೂ ನಮ್ಮಲ್ಲಿದ್ದಾರೆ. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್, ಇಬ್ಬರನ್ನೂ ಅವರವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು.

ಅಷ್ಟು ದೊಡ್ಡ ಧೈರ್ಯ ನನ್ನಲ್ಲಿಲ್ಲ. ಬಹಳ ಸಣ್ಣ ಧೈರ್ಯವೂ ಇರಲಿಲ್ಲ ಎಂಬುದನ್ನು ಇಂದು ಹೇಳಿಬಿಡುತ್ತೇನೆ.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಸಿರುಗುಪ್ಪ ಕಡೆಯ ನಮ್ಮ ಬಂಧುಗಳ ಮನೆಯಲ್ಲಿ ಒಬ್ಬ ಹುಡುಗಿಗೆ ಹೆರಿಗೆಯಾಗಿ ಎಂಟು ಹತ್ತು ದಿನವಾಗಿತ್ತು. ಅವಳಿಗೆ ನಿದ್ದೆಯಿಲ್ಲ. ಗೋಡೆಯ ಜೊತೆ ಮಾತಾಡುತ್ತಿದ್ದಳು, ಮಗುವನ್ನು ನನ್ನದಲ್ಲ ಎನ್ನುತ್ತಿದ್ದಳು. ಮನೆಯವರು "ಅಸರ್ ಆಗಿದೆ" ಎಂದು ತೀರ್ಮಾನಿಸಿ ಬಿಡಿಸುವವನೊಬ್ಬನನ್ನು ಕರೆಸಿದರು. ಅವನು ಕೆಂಡದ ಮೇಲೆ ಒಣಮೆಣಸಿನಕಾಯಿ ಹಾಕಿ ಅವಳ ಮುಖಕ್ಕೆ ಹೊಗೆ ಹಿಡಿದ, ಬೆತ್ತದಿಂದ ಹೊಡೆದ. ಹಸಿ ಬಾಣಂತಿ. ನಾನು ಎಲ್ಲಿದ್ದೆ ಗೊತ್ತೇ? ಹೊಗೆ ಹೊರಗೆ ಹೋಗದಿರಲೆಂದು ಬಾಗಿಲು ಹಿಡಿದು ನಿಂತಿದ್ದೆ. ಡಿಗ್ರಿ ಓದಿದವಳು, ಪತ್ರಿಕೆ ಓದುವವಳು. ಹಿರಿಯರ ಎದುರು ಮಾತಾಡುವುದು ಹೇಗೆ ಎಂದು ಸುಮ್ಮನಿದ್ದೆ. ಮೂರು ದಿನ ಹೀಗೆ ನಡೆಯಿತು. ಕೊನೆಗೆ ಮಗುವಿಗೆ ಲಸಿಕೆ ಹಾಕಲು ಬಂದ ನರ್ಸಮ್ಮ ನೋಡಿ, ಗದರಿಸಿ, ಬಳ್ಳಾರಿಯ ಸರ್ಕಾರಿ ಆಸ್ಪತ್ರೆಗೆ ಕಳಿಸಿದರು. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ ಬರುವ ಮಾನಸಿಕ ಕಾಯಿಲೆ ಅದು, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ ಕಾಣಿಸುತ್ತದೆ, ತಡಮಾಡಿದರೆ ತಾಯಿಗೂ ಮಗುವಿಗೂ ಅಪಾಯ, ಔಷಧಿಯಿಂದ ಗುಣವಾಗುತ್ತದೆ ಎಂದು ವೈದ್ಯರು ಹೇಳಿದರು. ಗುಣವೂ ಆಯಿತು. ಇಂದು ಅವಳ ಮಗ ಹೈಸ್ಕೂಲಿನಲ್ಲಿದ್ದಾನೆ. ಕೆಲವು ವರ್ಷಗಳ ಮೇಲೆ ಒಂದು ಮದುವೆ ಮನೆಯಲ್ಲಿ ಸಿಕ್ಕಾಗ ಅವಳು ಮೆಲ್ಲಗೆ ಕೇಳಿದಳು, "ನೀವಾದರೂ ಬೇಡ ಅನ್ನಬಹುದಿತ್ತಲ್ಲ ಚಾಚಿ?"

ನನ್ನ ಬಳಿ ಉತ್ತರವಿರಲಿಲ್ಲ.

ಈಗ ಇದಕ್ಕೊಂದು ಕಾನೂನಿದೆ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯ್ದೆಯನ್ನು ನಮ್ಮ ವಿಧಾನಮಂಡಲ 2017ರಲ್ಲಿ ಒಪ್ಪಿತು. ಅದು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ದೆವ್ವ ಬಿಡಿಸುತ್ತೇವೆಂದು ಕಟ್ಟಿ ಹಾಕುವುದು, ಹೊಡೆಯುವುದು, ಮೆಣಸಿನಕಾಯಿ ಹೊಗೆ ಕೊಡುವುದು ಅಪರಾಧ. ಹಾವು, ಚೇಳು, ನಾಯಿ ಕಚ್ಚಿದವರನ್ನು ಆಸ್ಪತ್ರೆಗೆ ಹೋಗಲು ಬಿಡದೆ ಮಂತ್ರ ತಂತ್ರ, ದಾರ ತಾಯತ ಎಂದು ಕೂರಿಸುವುದೂ ಅಪರಾಧ. ಮುಟ್ಟಾದವರನ್ನು, ಬಸುರಿಯರನ್ನು ಒತ್ತಾಯದಿಂದ ಹೊರಗಿಡುವುದು ಅಪರಾಧ. ಒಂದರಿಂದ ಏಳು ವರ್ಷದವರೆಗೆ ಜೈಲು ಶಿಕ್ಷೆಯಿದೆ, ದಂಡವೂ ಇದೆ.

ಈ ಕಾಯ್ದೆ ಬರುವಾಗ ಇದು ಧರ್ಮಗಳ ಮೇಲಿನ ದಾಳಿ ಎಂದು ಕೂಗಿದವರು ಬಹಳ. ಆದರೆ ಅದರೊಳಗೆ ಏನಿದೆ? ಮನೆಯಲ್ಲಿ, ದೇವಸ್ಥಾನದಲ್ಲಿ, ದರ್ಗಾದಲ್ಲಿ, ಗುರುದ್ವಾರದಲ್ಲಿ, ಚರ್ಚಿನಲ್ಲಿ ಯಾರ ದೇಹಕ್ಕೂ ಗಾಯವಾಗದಂತೆ ನಡೆಯುವ ಪ್ರಾರ್ಥನೆ, ಆಚರಣೆಗಳನ್ನು ಅದು ಮುಟ್ಟುವುದಿಲ್ಲ. ಬಿಡಿಸುವವನು ಯಾವ ಧರ್ಮದವನು, ಅವನ ಬಾಯಲ್ಲಿ ಮಂತ್ರವಿತ್ತೋ ದುಆ ಇತ್ತೋ ಎಂದೂ ಕೇಳುವುದಿಲ್ಲ. ಆ ಹುಡುಗಿಗೆ ಪೆಟ್ಟಾಯಿತೇ ಎಂದಷ್ಟೇ ಕೇಳುತ್ತದೆ. ಮೊಮ್ಮಗಳು ಕೇಳಿದ ಪದಕ್ಕೆ ಉದಾಹರಣೆ ಕೊಡಬೇಕೆಂದರೆ ನಾನು ದಸರಾಕ್ಕಿಂತ ಮೊದಲು ಇದನ್ನೇ ಕೊಡುತ್ತೇನೆ.

ಮೊನ್ನೆ ಪಡಸಾಲೆಯಲ್ಲಿ ಈ ಕಥೆಯನ್ನೆಲ್ಲ ಹೇಳಿದೆ. ಬಾಗಿಲು ಹಿಡಿದು ನಿಂತದ್ದನ್ನೂ ಹೇಳಿದೆ. ಕತ್ತರಿಗಳು ನಿಂತುಹೋಗಿದ್ದವು. ಸ್ವಲ್ಪ ಹೊತ್ತಿನ ಮೇಲೆ ಖಾಲಾ ಮೊಮ್ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿಸಿದರು. ಹೆಂಗಸರು ಜುಮಾ ನಮಾಝ್‌ಗೆ ಬರುವಂತೆ ಒಂದು ಕೋಣೆಯನ್ನೂ ವುಝೂಗೆ ಒಂದು ನಲ್ಲಿಯನ್ನೂ ಮಾಡಿಕೊಡಿ ಎಂದು ನಮ್ಮ ಮಸೀದಿ ಕಮಿಟಿಗೆ ಪತ್ರ ಬರೆಯಬೇಕೆಂದು ಅವರೇ ಹೇಳಿದರು. ಬರೆದವಳು ನಾನು. "ದಯವಿಟ್ಟು" ಎಂಬ ಮಾತನ್ನು ಎರಡು ಕಡೆ ಹಾಕಿದ್ದೆ. ಒಂದು ಸಾಕು ಎಂದು ಖಾಲಾ ಒಂದನ್ನು ಹೊಡೆಸಿದರು. ನಾಲ್ವರು ಕನ್ನಡದಲ್ಲಿ ಸಹಿ ಮಾಡಿದೆವು, ಖಾಲಾ ಉರ್ದುವಿನಲ್ಲಿ ಮಾಡಿದರು. ಮೊಮ್ಮಗಳು ತಾನೂ ಮಾಡುತ್ತೇನೆಂದು ಹಟ ಹಿಡಿದಳು, ಕೊನೆಗೆ ಅವಳದ್ದೂ ಸೇರಿತು.

ಪತ್ರ ಕೊಟ್ಟು ಮೂರು ವಾರವಾಯಿತು. ಕಾರ್ಯದರ್ಶಿಯವರು ತೆಗೆದುಕೊಂಡಿದ್ದಾರೆ, ಓದಿಯೂ ಇದ್ದಾರೆ. ಮುಂದಿನ ಸಭೆಯಲ್ಲಿ ಇಡುತ್ತೇವೆ ಎಂದಿದ್ದಾರೆ. ಸಭೆಯ ದಿನ ಇನ್ನೂ ಗೊತ್ತಾಗಿಲ್ಲ.