ಕಾಲ್ಚೆಂಡು ಕಾಣಲು ಕಾಸೇ ಬೇಕೇ?

ಫುಟ್ಬಾಲ್ ವಿಶ್ವಕಪ್ ಬಂತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಚಹದಂಗಡಿಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಯಾರು ಗೆಲ್ಲುತ್ತಾರೆ ಎಂಬುದಲ್ಲ. "ಈ ಸಲ ಯಾವ ಚಾನಲ್ನಾಗ ಐತಿ? ರೊಕ್ಕ ಎಷ್ಟು ಕಟ್ಟಬೇಕು?" ಇದೇ ಪ್ರಶ್ನೆ. ಪ್ರಶ್ನೆ ಸರಿಯಾದದ್ದೇ. 1986ರಲ್ಲಿ ಮೆಕ್ಸಿಕೋದ ಆಟಗಳನ್ನು ದೂರದರ್ಶನ ನೇರವಾಗಿ ತೋರಿಸಿದಾಗ ಟಿವಿ ಇದ್ದವರ ಮನೆಯೇ ಊರಿನ ಟಾಕೀಸು. ಆಮೇಲೆ ಆಟ ಖಾಸಗಿ ಚಾನಲ್‌ಗಳ ಪಾಲಾಯಿತು. 2014 ಮತ್ತು 2018ರಲ್ಲಿ ಸೋನಿ, 2022ರಲ್ಲಿ ಮತ್ತೊಂದು ಕಂಪನಿ. ಪ್ರತಿ ಸಲ ಚಾನಲ್ ಬೇರೆ, ಆ್ಯಪ್ ಬೇರೆ.

2022ರ ಕತಾರ್ ವಿಶ್ವಕಪ್ ಮೊಬೈಲಿನಲ್ಲಿ ಪುಕ್ಕಟೆ ಸಿಕ್ಕಿತು. ಡಿಸೆಂಬರ್ 18ರ ಫೈನಲ್ ನಮ್ಮಲ್ಲಿ ರಾತ್ರಿ 8-30ಕ್ಕೇ ಶುರುವಾಯಿತು. ಅರ್ಜೆಂಟೀನಾ, ಫ್ರಾನ್ಸ್ 3-3 ಸಮ ಮಾಡಿಕೊಂಡು, ಕಡೆಗೆ ಪೆನಾಲ್ಟಿಯಲ್ಲಿ ಮೆಸ್ಸಿಯ ಕಡೆಯವರು ಗೆದ್ದರು. ಆದರೆ ಎಲ್ಲ ವಿಶ್ವಕಪ್ಪೂ ಕತಾರ್ ಆಗುವುದಿಲ್ಲ. 2026ರದ್ದು ಅಮೆರಿಕ, ಕೆನಡಾ, ಮೆಕ್ಸಿಕೋ ಪಾಲಿಗೆ ಬಂದದ್ದು. 48 ತಂಡ, 104 ಆಟ. ಫೈನಲ್ ಅಲ್ಲಿನ ಜುಲೈ 19ರ ಮಧ್ಯಾಹ್ನವಾದರೆ ನಮ್ಮ ಗಡಿಯಾರಕ್ಕೆ 20ರ ನಡುರಾತ್ರಿ 12-30. ಮುಂಗಾರು ಬಿತ್ತನೆಯ ದಿನಗಳಲ್ಲಿ ಕೂಲಿಯವನು ಡೇಟಾಕ್ಕೂ ದುಡ್ಡು ಸುರಿದು, ನಿದ್ದೆಯನ್ನೂ ಬಿಟ್ಟು, ಅಂಗೈಯಗಲದ ಪರದೆಯಲ್ಲಿ ಒಬ್ಬನೇ ನೋಡಬೇಕೆ?

ಇಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. 2007ರ ಕಾನೂನಿನ ಪ್ರಕಾರ ರಾಷ್ಟ್ರೀಯ ಮಹತ್ವದ ಆಟಗಳನ್ನು ಹಕ್ಕು ಕೊಂಡ ಕಂಪನಿ ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕು. ಫುಟ್ಬಾಲ್ ವಿಶ್ವಕಪ್ಪಿನ ಸೆಮಿಫೈನಲ್, ಫೈನಲ್ ಸರಕಾರದ ಆ ಪಟ್ಟಿಯಲ್ಲಿವೆ. ಆದರೆ 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಒಂದು ಗೆರೆ ಎಳೆಯಿತು. ಹೀಗೆ ಹಂಚಿಕೊಂಡ ಆಟವನ್ನು ದೂರದರ್ಶನ ತನ್ನ ಸ್ವಂತ ಗೋಪುರದಿಂದ ಮತ್ತು ತನ್ನದೇ ಫ್ರೀ ಡಿಶ್‌ನಲ್ಲಿ ಮಾತ್ರ ತೋರಿಸಬಹುದು. ಖಾಸಗಿ ಕೇಬಲ್ಲಿಗೆ, ಡಿಟಿಎಚ್‌ಗೆ ಕೊಡುವಂತಿಲ್ಲ. ಮಜಾ ನೋಡಿ: ತಿಂಗಳು ತಿಂಗಳು ರೊಕ್ಕ ಕಟ್ಟುವ ಪೇಟೆ ಸಾಹುಕಾರನ ಕೇಬಲ್ಲಿನಲ್ಲಿ ದೂರದರ್ಶನದ ಕ್ರೀಡಾ ಚಾನಲ್ ಹಾಕಿದರೆ ಬೇರೇನೋ ಬರುತ್ತದೆ, ಕ್ಯಾಂಪಿನ ತಗಡಿನ ಮನೆಯ ಫ್ರೀ ಡಿಶ್‌ನಲ್ಲಿ ಆಟ ಬರುತ್ತದೆ! ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ. ಛತ್ರಿ ಮತ್ತು ಪೆಟ್ಟಿಗೆಗೆ ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು.

ಹಾಗಾದರೆ ತೊಡಕೆಲ್ಲಿದೆ? ಕೂಡಿ ನೋಡುವ ಜಾಗದಲ್ಲಿ. ಸಾರ್ವಜನಿಕ ಟಿವಿ ನಮ್ಮ ಜಿಲ್ಲೆಗೆ ಹೊಸದೇನಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಉಪಗ್ರಹದಿಂದ ಹಳ್ಳಿಗೆ ಟಿವಿ ತೋರಿಸುವ ‘ಸೈಟ್’ ಪ್ರಯೋಗ ನಡೆಯಿತು. ಆರು ರಾಜ್ಯಗಳ 2400 ಹಳ್ಳಿಗಳಲ್ಲಿ ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ತಂತಿ ಜಾಲರಿಯ ಹತ್ತಡಿ ಛತ್ರಿ, ಊರಿಗೊಂದು ಟಿವಿ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ. ಬೆಂಗಳೂರಿನವರು ತಮ್ಮ ಊರಿನ ಟಿವಿ ಕೇಂದ್ರಕ್ಕೆ ಕಾಯುತ್ತಿದ್ದಾಗ ನಮ್ಮ ಹಳ್ಳಿಯ ಮಂದಿ ಸಾಲಾಗಿ ಕೂತು ಟಿವಿ ನೋಡಿದ್ದರು. ಐವತ್ತು ವರ್ಷದ ಹಿಂದೆ ಸಾಧ್ಯವಾದದ್ದು ಇವತ್ತು ಯಾಕಾಗದು?

ಇವತ್ತು ಹೊಸ ಖರ್ಚೂ ಹೆಚ್ಚಿಲ್ಲ. ಎಷ್ಟೋ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರದಲ್ಲಿ ಟಿವಿ ಬಂದು ಕೂತಿದೆ. ಸರಕಾರಿ ಹಾಸ್ಟೆಲುಗಳಲ್ಲೂ ಇದೆ. ಇಲ್ಲದ್ದು ಒಂದು ಛತ್ರಿ, ಮತ್ತು ರಾತ್ರಿ ಬೀಗ ತೆರೆಯುವ ಒಬ್ಬ ಮನುಷ್ಯ. ಬಾಗಿಲು ಹಾಕಿದ್ದರೆ ಹುಡುಗರು ಬೇರೆ ದಾರಿ ಹುಡುಕುತ್ತಾರೆ. ವಾಟ್ಸಾಪಿನಲ್ಲಿ ಬಂದ ಕಳ್ಳ ಲಿಂಕು, ಅದರ ಬೆನ್ನಿಗೇ ಬಾಜಿ ಕಟ್ಟುವ ಆ್ಯಪು. ದುಡ್ಡು ಹಚ್ಚುವ ಆನ್‌ಲೈನ್ ಆಟವನ್ನು 2025ರಲ್ಲಿ ಕೇಂದ್ರ ಸರಕಾರ ಕಾನೂನು ತಂದು ನಿಷೇಧಿಸಿತು. ಕಾನೂನು ಮಾಡಿದರೆ ಸಾಲದು, ಹುಡುಗರಿಗೆ ಕೂಡಲು ಒಂದು ಒಳ್ಳೆಯ ಜಾಗವೂ ಬೇಕು. ಹೆಣ್ಣುಮಕ್ಕಳ ಮಾತಂತೂ ಕೇಳುವವರೇ ಇಲ್ಲ. ಹುಡುಗ ಅರ್ಧ ರಾತ್ರಿಗೂ ಧಾಬಾದಲ್ಲಿ ಕೂತು ನೋಡಿಯಾನು. ಆಟದ ಹುಚ್ಚಿರುವ ಹುಡುಗಿ ಎಲ್ಲಿ ಕೂರಬೇಕು? ಹಾಸ್ಟೆಲಿನ ಹಾಲ್ ತೆರೆದರೆ ಅವಳೂ ನೋಡುತ್ತಾಳೆ.

ನೋಡುವವರು ಇದ್ದಾರೆಯೇ ಎಂದು ಅಧಿಕಾರಿಗಳು ಕೇಳಿಯಾರು. ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪುಗಳಿಗೆ ಹೋಗಿ ಬನ್ನಿ ಸ್ವಾಮಿ. ಅಂದಿನ ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳು ಅಲ್ಲಿ ನೆಲೆ ನಿಂತಿವೆ. ಬಂಗಾಳಿಗೂ ಫುಟ್ಬಾಲಿಗೂ ಇರುವ ನಂಟನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ಬರುವ ಕಾರ್ಮಿಕನಿಗೆ ನಡುರಾತ್ರಿಯ ಆಟ ಹೊತ್ತಲ್ಲದ ಹೊತ್ತೇನೂ ಅಲ್ಲ. ಮಸ್ಕಿಯವರಿಗಂತೂ ನಾವು ಬೇರೆ ಹೇಳಬೇಕೆ? ಅಶೋಕ ತನ್ನ ಮಾತನ್ನು ಅರಮನೆಯೊಳಗೆ ಮುಚ್ಚಿಡದೆ ಮಂದಿಗೆ ತಿಳಿಯಲೆಂದು ಕೆತ್ತಿಸಿದ ಬಂಡೆ ಅವರ ಊರಲ್ಲೇ ಇದೆ.

ಎರಡು ಎಚ್ಚರಿಕೆ ಮಾತ್ರ ಇರಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಬಾಣಂತಿ, ಮುದುಕರು, ಪರೀಕ್ಷೆಗೆ ಓದುವವರು ಎಲ್ಲ ಓಣಿಯಲ್ಲೂ ಇರುತ್ತಾರೆ. ಆದ್ದರಿಂದ ಸಮುದಾಯ ಭವನದ ಒಳಗೇ, ಟಿವಿಯ ಸದ್ದಿನಲ್ಲೇ ನಡೆಯಲಿ. ಇನ್ನು ಟಿಕೆಟ್ ಇಟ್ಟು, ಅಂಗಡಿ ಜಾಹೀರಾತಿನ ಬ್ಯಾನರ್ ಕಟ್ಟಿ ತೋರಿಸಿದರೆ ಅದು ವ್ಯಾಪಾರ. ಹಕ್ಕುದಾರರ ಪರವಾನಗಿ ಬೇಕಾಗುತ್ತದೆ. ಪುಢಾರಿಗಳು ತಮ್ಮ ಫೋಟೋದ ಕಟೌಟ್ ನಿಲ್ಲಿಸಲು ಇದನ್ನೊಂದು ನೆಪ ಮಾಡಿಕೊಳ್ಳುವುದೂ ಬೇಡ.

ನಗರಸಭೆ, ಪುರಸಭೆ, ಪಂಚಾಯಿತಿಗಳಲ್ಲಿ ನಮ್ಮ ಬೇಡಿಕೆ ಸಣ್ಣದು. ವಿಶ್ವಕಪ್ ನಡೆಯುವಾಗ ಊರಿಗೊಂದು ಹಾಲ್, ಅದಕ್ಕೊಂದು ಫ್ರೀ ಡಿಶ್, ಸೆಮಿಫೈನಲ್, ಫೈನಲ್ ರಾತ್ರಿಗಳಲ್ಲಿ ತೆರೆದ ಬಾಗಿಲು. 2026ಕ್ಕೂ ಇದೇ ಮಾತು, 2030ಕ್ಕೂ ಇದೇ ಮಾತು. ಕಾನೂನು ಪುಕ್ಕಟೆ ಕೊಟ್ಟ ಆಟ ಒಂದು ಬೀಗಕ್ಕಾಗಿ ಜನರಿಗೆ ತಪ್ಪಬಾರದು. ಬೀಗದ ಕೈ ಯಾರ ಜೇಬಿನಲ್ಲಿದೆ ಎಂಬುದು ಊರಿಗೆಲ್ಲ ಗೊತ್ತು.