ಮೀಟರಿನ ಸೊನ್ನೆ, ಮೊಣಕಾಲಿನ ಗಾಂಧಾರ

ಬ್ಲಾಗಿನ ಮೇಲೆ ಧೂಳು ಕೂತು ನಾಲ್ಕು ತಿಂಗಳಾಯ್ತು. ಎಲ್ಲಿ ಹೋದೆ ಅಂತ ಒಂದಿಬ್ಬರು ಕೇಳಿದ್ರಿ. ಎಲ್ಲೂ ಹೋಗಿಲ್ಲ ಸ್ವಾಮೀ, ಡಲ್ಲಾಸಿನ ನನ್ನ ಪುಟ್ಟ ಮನೆಯಲ್ಲಿ ನೆಲದ ಮೇಲೆ ಅಂಗಾತ ಮಲಗಿ, ಒಂದು ವಾದ್ಯದ ಹೊಟ್ಟೆಯೊಳಗೆ ಟಾರ್ಚ್ ಬಿಟ್ಟು ನೋಡ್ತಾ ಇದ್ದೆ. ಇವತ್ತು ಬಂದಿರೋದು ಕಥೆ ಹೇಳೋಕಲ್ಲ, ಜಗಳ ಆಡೋಕೆ. ಜಗಳ ನನ್ನದೇ ಜಾತಿಯವರ ಜೊತೆ, ಅಂದ್ರೆ ಇಂಜಿನಿಯರುಗಳ ಜೊತೆ.

ವಾದ್ಯದ ಹೆಸರು ಪೆಡಲ್ ಸ್ಟೀಲ್ ಗಿಟಾರ್. ಅಮೆರಿಕದ ಕಂಟ್ರಿ ಹಾಡುಗಳಲ್ಲಿ ಹಿಂದೆ ಯಾರೋ ಬಿಕ್ಕಿದ ಹಾಗೆ ಜಾರುವ ದನಿ ಕೇಳಿರ್ತೀರಲ್ಲ, ಅದೇ. ನಮ್ಮ ಗೋಟುವಾದ್ಯದ ಹಾಗೆ ಇಲ್ಲೂ ತಂತಿಗಳ ಮೇಲೆ ಒಂದು ಗುಂಡನೆಯ ತುಂಡನ್ನು ಜಾರಿಸಬೇಕು, ಇವರದ್ದು ಉಕ್ಕಿನ ಬಾರ್. ಹತ್ತು ತಂತಿ, ಪಾದದ ಕೆಳಗೆ ಮೂರು ಪೆಡಲ್, ಮೊಣಕಾಲಿಗೆ ತಾಗುವ ಹಾಗೆ ನಾಲ್ಕೈದು ಲಿವರ್. ಪೆಡಲ್ಲೋ ಲಿವರ್ರೋ ಒತ್ತಿದರೆ ಆಯ್ದ ತಂತಿಗಳ ಸ್ವರ ಮಾತ್ರ ಏರುತ್ತೆ ಅಥವಾ ಇಳಿಯುತ್ತೆ, ಉಳಿದವು ಇದ್ದಲ್ಲೇ ಇರ್ತವೆ. 1954ರಲ್ಲಿ ಜನಪ್ರಿಯವಾದ ವೆಬ್ ಪಿಯರ್ಸ್‌ನ 'ಸ್ಲೋಲಿ' ಹಾಡಿನಲ್ಲಿ ಬಡ್ ಐಸಾಕ್ಸ್ ಅನ್ನೋ ಪುಣ್ಯಾತ್ಮ, ಮೀಟಿದ ತಂತಿ ಮೊಳಗ್ತಾ ಇರುವಾಗಲೇ ಪೆಡಲ್ ಒತ್ತಿದ. ಅಲ್ಲಿಂದ ಕಂಟ್ರಿ ಸಂಗೀತದ ದನಿಯೇ ಬದಲಾಯ್ತು.

ಈಗ ನನ್ನ ಗೋಳು. ಎಡ ಮೊಣಕಾಲನ್ನ ಎಡಕ್ಕೆ ತಳ್ಳುವ ಲಿವರ್ ನನ್ನ ವಾದ್ಯದಲ್ಲಿ 4 ಮತ್ತು 8ನೇ ತಂತಿಗಳನ್ನ 'ಇ' ಇಂದ 'ಎಫ್'ಗೆ ಏರಿಸುತ್ತೆ. ಜೊತೆಗೆ ಮೊದಲ ಪೆಡಲ್ ಒತ್ತಿದ್ರೆ 5 ಮತ್ತು 10ನೇ ತಂತಿಗಳು 'ಬಿ' ಇಂದ 'ಸಿ ಶಾರ್ಪ್'ಗೆ ಏರ್ತವೆ. ಎರಡೂ ಸೇರಿದ್ರೆ ಸಿ ಶಾರ್ಪ್ ಮೇಜರ್. ನಮ್ಮ ಲೆಕ್ಕದಲ್ಲಿ ಪೆಡಲ್ಲಿನ ತಂತಿ ಷಡ್ಜ, ಲಿವರಿನ ತಂತಿ ಅಂತರ ಗಾಂಧಾರ, 3ನೇ ತಂತಿ ಪಂಚಮ. ಹಾಡಿನಲ್ಲಿ ಹೆಜ್ಜೆಹೆಜ್ಜೆಗೂ ಬೇಕಾಗುವ ಸ್ವರಗುಚ್ಛ ಇದು. ನನ್ನದು ಮಾತ್ರ ಹುಳಿ ಹುಳಿ.

ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿನವನು ಟ್ಯೂನರ್ ಸಿಕ್ಕಿಸಿ, ಒಂದೊಂದೇ ಪೆಡಲ್, ಒಂದೊಂದೇ ಲಿವರ್ ಒತ್ತಿ, ಮುಳ್ಳನ್ನ ಸೊನ್ನೆಗೆ ತಂದು ನಿಲ್ಲಿಸಿದ. ಎಲ್ಲಾ ಹಸಿರು ದೀಪ. ದುಡ್ಡು ಎಣಿಸಿಕೊಂಡ. ಮನೆಗೆ ಬಂದು ನುಡಿಸಿದ್ರೆ ಮತ್ತೆ ಅದೇ ಹುಳಿ. ತಿರುಗಿ ಹೋಗಿ ಹೇಳಿದ್ದಕ್ಕೆ, "ಮೀಟರ್ ಸರಿ ಇದೆ, ನಿನ್ನ ಕಿವಿ ಇನ್ನೂ ಪಳಗಿಲ್ಲ" ಅಂದ. ನಾನೂ ನಂಬಿದೆ ಕಣ್ರೀ! ನಮಗೆಲ್ಲ ನಾಲ್ಕು ವರ್ಷ ಕಲಿಸಿದ್ದೇ ಅದಲ್ವಾ, ಯಂತ್ರದ ರೀಡಿಂಗ್ ಒಂದು ಹೇಳಿ ಮನುಷ್ಯ ಇನ್ನೊಂದು ಹೇಳಿದ್ರೆ ಮನುಷ್ಯನದ್ದೇ ತಪ್ಪು ಅಂತ. ಮೂರು ತಿಂಗಳು ದಿನಾ ಆ ಹುಳಿಯನ್ನೇ ಅಭ್ಯಾಸ ಮಾಡಿದೆ. ಕೊನೆಗೆ ಇದು ನನ್ನ ಹಣೆಯಲ್ಲಿ ಬರೆದಿಲ್ಲ ಅಂತ ಮಾರೋಕೆ ಫೋಟೋನೂ ತೆಗೆದೆ.

ಆ ಭಾನುವಾರ ಅಮ್ಮನ ಫೋನು. "ಮಾರೋ ಮುಂಚೆ ಒಂದ್ಸಲ ಕೇಳ್ಸು" ಅಂದ್ಳು. ನುಡಿಸಿದೆ.

"ಚೆನ್ನಾಗಿದೆ ಕಣೋ.. ಆದ್ರೆ ಗಾಂಧಾರ ಯಾಕೆ ಚುಚ್ಚುತ್ತೆ? ಸ್ವಲ್ಪ ಇಳಿಸು."

"ಅಮ್ಮ, ಮೀಟರು ಸರಿ ಇದೆ ಅಂತಿದೆ."

"ನಿನ್ನ ಮೀಟರು ತಂಬೂರಿ ಕೇಳಿದ್ಯಾ?"

ಕೇಳಿಲ್ಲ. ಅದೇ ವಿಷಯ!

ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗೇ ಕೇಳುತ್ತೆ, ಗೊತ್ತಲ್ಲ? ಅದು ಷಡ್ಜದ ಐದನೇ ಹಾರ್ಮೋನಿಕ್, ಷಡ್ಜಕ್ಕೆ ಅದರ ಅನುಪಾತ 5:4. ಒಂದು ಸ್ಥಾಯಿಗೆ 1200 ಸೆಂಟ್ ಅಂತ ಅಳೆದ್ರೆ ಆ ಗಾಂಧಾರ ಇರೋದು 386ರಲ್ಲಿ. ಟ್ಯೂನರ್ ಸ್ಥಾಯಿಯನ್ನ ಹನ್ನೆರಡು ಸಮ ತುಂಡು ಮಾಡಿ 400ಕ್ಕೆ ಸೊನ್ನೆ ತೋರಿಸುತ್ತೆ. ಹದಿನಾಲ್ಕು ಸೆಂಟ್ ವ್ಯತ್ಯಾಸ. ಏನು ಮಹಾ ಅಂತೀರಾ? ಲೆಕ್ಕ ಹಾಕಿ. 8ನೇ ತಂತಿಯ 'ಇ' 164.8 ಹರ್ಟ್ಸ್, ಅದರ ಐದನೇ ಹಾರ್ಮೋನಿಕ್ 824. 6ನೇ ತಂತಿಯ 'ಜಿ ಶಾರ್ಪ್' ಮೀಟರಿನ ಪ್ರಕಾರ 207.65, ಅದರ ನಾಲ್ಕನೇ ಹಾರ್ಮೋನಿಕ್ 830.6. ಎರಡೂ ಕೂಡಬೇಕಾದ ಜಾಗದಲ್ಲಿ ಸೆಕೆಂಡಿಗೆ ಆರೇಳು ಸಲ ಗುದ್ದಾಡ್ತವೆ. ಪಿಯಾನೋದಲ್ಲಿ ಸ್ವರ ಬೇಗ ಸಾಯುತ್ತೆ, ಹೇಗೋ ತಡ್ಕೊಬಹುದು. ಸ್ಟೀಲಿನಲ್ಲಿ ಸ್ವರ ನಿಲ್ಲುತ್ತೆ, ಗುದ್ದಾಟವೂ ನಿಲ್ಲುತ್ತೆ.

ಲಿವರಿನ ಕಥೆ ಇನ್ನೂ ಮಜಾ. 'ಇ'ಯನ್ನ ಸೊನ್ನೆ ಅಂತ ಹಿಡಿದ್ರೆ, ಅದಕ್ಕೆ ಕೂಡುವ 'ಎ' ಮೀಟರಿನಲ್ಲಿ 2 ಸೆಂಟ್ ಕೆಳಗೆ. ಆ 'ಎ'ಗೆ ಗಾಂಧಾರ ಆಗಬೇಕಾದ 'ಸಿ ಶಾರ್ಪ್' 16 ಕೆಳಗೆ. ಆ 'ಸಿ ಶಾರ್ಪ್'ಗೆ ಗಾಂಧಾರ ಆಗಬೇಕಾದ, ನಮ್ಮ ಲಿವರಿನ 'ಎಫ್', 29 ಕೆಳಗೆ! ಅಂದ್ರೆ ಆ ಲಿವರ್ ತಂತಿಯನ್ನ ಏರಿಸಬೇಕಾದ್ದು 100 ಸೆಂಟ್ ಅಲ್ಲ, 71. ಇದನ್ನ ಮೀಟರಿಗೆ ತೋರಿಸಿದ್ರೆ ಕೆಂಪು ದೀಪ ಹಾಕಿ ಕಿರುಚುತ್ತೆ. ಕಿವಿಗೆ ಮಾತ್ರ ಬಾಗಿಲು ಬೀಗಕ್ಕೆ ಕೂತ ಹಾಗೆ ಕೂರುತ್ತೆ.

ಸರಿ ಮಾಡೋದು ಕಷ್ಟವೂ ಅಲ್ಲ. ವಾದ್ಯದ ಬಲತುದಿಯಲ್ಲಿ, ತಂತಿ ಎಳೆಯುವ ಒಂದೊಂದು ಸರಳಿನ ತುದಿಗೂ ಪುಟ್ಟ ನೈಲಾನ್ ನಟ್ ಇರುತ್ತೆ. ಮೊದಲು ಏನೂ ಒತ್ತದೆ ಬಿಡಿ ತಂತಿಗಳನ್ನ ಬಿರಡೆಯಲ್ಲೇ ಶ್ರುತಿ ಮಾಡಿ. ಆಮೇಲೆ ಮೊದಲೆರಡು ಪೆಡಲ್ ಒಟ್ಟಿಗೆ ಒತ್ತಿ 'ಎ', 'ಸಿ ಶಾರ್ಪ್' ಕೂಡಿಸಿ. ಕೊನೆಗೆ ಮೊದಲ ಪೆಡಲ್ ಜೊತೆ ಲಿವರನ್ನ ಪೂರ್ತಿ ತಳ್ಳಿ ಹಿಡಿದು, ಗುದ್ದಾಟ ನಿಲ್ಲೋವರೆಗೂ ಲಿವರಿನ ನಟ್ ತಿರುಗಿಸಿ. ಬಿಗಿ ಮಾಡಿದ್ರೆ ಏರುತ್ತೆ, ಸಡಿಲಿಸಿದ್ರೆ ಇಳಿಯುತ್ತೆ. ಲಿವರ್ ಬಿಟ್ಟಾಗ ನಟ್ ಹತ್ತಿರ ಕೂದಲೆಳೆ ಸಡಿಲ ಇರಲೇಬೇಕು, ಇಲ್ಲದಿದ್ರೆ ಬಿಡಿ ತಂತಿಯೇ ಏರಿ ಕೂತಿರುತ್ತೆ. ಸಡಿಲ ಹೋಗೋವಷ್ಟು ಬಿಗಿ ಮಾಡಿದ್ರೂ ಸ್ವರ ಮುಟ್ಟದಿದ್ರೆ, ನಟ್ ಜೊತೆ ಗುದ್ದಾಡಬೇಡಿ. ಲಿವರ್ ಹೋಗಿ ನಿಲ್ಲುವ ತಡೆಯ ಸ್ಕ್ರೂ ನೋಡಿ, ಲಿವರಿನ ಓಟ ಸಾಲ್ತಿಲ್ಲ ಅಂತ ಅರ್ಥ.

"ಗುರುವೇ, ಬ್ಯಾಂಡಿನಲ್ಲಿ ಕೀಬೋರ್ಡ್ ಇದ್ರೆ? ಅದು ಮೀಟರಿನ ಮನೆತನದ್ದು" ಅಂತ ಆಫೀಸಿನ ಗೆಳೆಯನೊಬ್ಬ ಕೇಳಿದ. ಒಳ್ಳೇ ಪ್ರಶ್ನೆ. ಉತ್ತರ ಎಡಗೈಯಲ್ಲೇ ಇದೆ. ಬಾರ್ ಕೂದಲೆಳೆ ಮುಂದಿಟ್ಟರೆ ಇಡೀ ಗುಚ್ಛ ಏರುತ್ತೆ, ಹಿಂದಿಟ್ಟರೆ ಇಳಿಯುತ್ತೆ. ಆದ್ರೆ ಬಾರ್ ಎಲ್ಲಾ ತಂತಿಗಳನ್ನೂ ಒಟ್ಟಿಗೆ ಸರಿಸುತ್ತೆ. ತಂತಿ ತಂತಿಯ ನಡುವಿನ ಅಂತರ ಇರೋದು ನಟ್ ಕೈಯಲ್ಲಿ ಮಾತ್ರ. ಬಾರ್ ಸರಿಪಡಿಸಬಹುದಾದ್ದನ್ನ ಮೀಟರಿಗೆ ಕೊಟ್ಟು, ಬಾರಿಗೆ ಆಗದ್ದನ್ನ ಕೆಡಿಸಿ ಇಡೋದು ಯಾವ ಜಾಣತನ?

ನನ್ನ ವಾದದಲ್ಲೂ ತೂತಿದೆ, ಒಪ್ಪಿಕೊಳ್ತೀನಿ. 'ಎಫ್ ಶಾರ್ಪ್' ತಂತಿ 'ಬಿ'ಗೆ ಪಂಚಮವಾಗಿ ಕೂಡಬೇಕಾದ್ರೆ ಒಂದು ಕಡೆ ಇರಬೇಕು, 'ಎ', 'ಸಿ ಶಾರ್ಪ್' ಜೊತೆ ಕೂಡಬೇಕಾದ್ರೆ ಸುಮಾರು 21 ಸೆಂಟ್ ಕೆಳಗಿರಬೇಕು. ಎಲ್ಲಾದರೂ ರಾಜಿ ಆಗಲೇಬೇಕು. ಪೂರ್ತಿ ಮೀಟರಿಗೇ ಶ್ರುತಿ ಮಾಡಿ ಸೊಗಸಾಗಿ ನುಡಿಸುವ ಘಟಾನುಘಟಿಗಳೂ ಇದ್ದಾರೆ. ಆದ್ರೆ ಅವರು ಎರಡನ್ನೂ ಕೇಳಿ ಆರಿಸಿಕೊಂಡವರು. ಕಿವಿ ಮುಚ್ಚಿಕೊಂಡು ಹಸಿರು ದೀಪಕ್ಕೆ ಕೈ ಮುಗಿದವರಲ್ಲ.

1940ರಿಂದ 1971ರವರೆಗೆ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನ ಹೊರಗಿಟ್ಟಿತ್ತು. ನನಗೆ ಅದು ಅತಿ ಅನ್ಸುತ್ತೆ. ಪಾಪ, ನುಡಿಸುವವನು ಬೇಕೆಂದಾಗ ಇಳಿಸಿಕೊಳ್ಳೋಕೆ ಅದರ ರೀಡಿಗೆ ನಟ್ ಇರಲಿಲ್ಲ. ನಮ್ಮ ವಾದ್ಯಕ್ಕೆ ಒಂದೊಂದು ಏರಿಕೆಗೂ ಒಂದೊಂದು ನಟ್ ಕೊಟ್ಟಿದ್ದಾರೆ. ಅದನ್ನ ತಿರುಗಿಸೋ ಹಕ್ಕನ್ನ ಬ್ಯಾಟರಿ ಪೆಟ್ಟಿಗೆಗೆ ಬರೆದುಕೊಡೋ ನಮಗೇನು ಕಾರಣ ಇದೆ?

ಅಂದ ಹಾಗೆ ಮಾರೋಕೆ ತೆಗೆದ ಫೋಟೋ ಡಿಲೀಟ್ ಮಾಡಿದೆ. ಮುಂದಿನ ಭಾನುವಾರ ಅಮ್ಮನಿಗೆ ಮತ್ತೆ ಕೇಳಿಸಿದೆ. "ಈಗ ಕೂತ್ಕೊಳ್ತು" ಅಂದ್ಳು, ಅಷ್ಟೇ. ಆಮೇಲೆ ಊಟ ಆಯ್ತಾ ಅಂತ ಕೇಳಿದ್ಳು.

ನಿಮ್ಮ ಮನೆ ವೀಣೆ, ಪಿಟೀಲು, ಗಿಟಾರು ಯಾವ ಮೀಟರಿಗೆ ಕೈ ಮುಗಿದು ಕೂತಿದೆ? ಇವತ್ತೊಂದಿನ ಅದನ್ನ ಆಫ್ ಮಾಡಿ, ತಂಬೂರಿ ಹಾಕ್ಕೊಂಡು ಕೇಳಿ. ಆಮೇಲೆ ಬೇಕಾದ್ರೆ ಬಂದು ಬೈಯಿರಿ, ಇಲ್ಲೇ ಇರ್ತೀನಿ.